ಕಟ್ಟಡ ಬೀಳುವ ಮುನ್ನ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಅವಶೇಷಗಳಡಿ ಸಿಕ್ಕಿಕೊಂಡವರಿಗಾಗಿ ನಾವೆಲ್ಲ ದುಆ ಮಾಡಿದೆವು. ಆದರೆ ಅವರನ್ನು ಹೊರತೆಗೆಯಲು ಜೋತುಬಿದ್ದ ಸ್ಲ್ಯಾಬಿನ ಕೆಳಗೆ ನುಸುಳಿದವರನ್ನು ಎಷ್ಟು ಜನ ನೆನೆದೆವು? ಇಂದು ನಾನು ಮಾತನಾಡುವುದು ಅವರ ಬಗ್ಗೆ.

ಬೆಂಕಿ ಬಿದ್ದಾಗ ಈ ಅಪಾಯ ಇನ್ನೂ ಹೆಚ್ಚು. 2017ರ ಜನವರಿ 19ರಂದು ಇರಾನಿನ ತೆಹರಾನ್‌ನಲ್ಲಿ ಪ್ಲಾಸ್ಕೋ ಎಂಬ ಹಳೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಕೆಲವು ತಾಸು ಉರಿದು ಅದು ಇದ್ದಕ್ಕಿದ್ದಂತೆ ಕುಸಿಯಿತು. ಒಳಗಿದ್ದ 16 ಅಗ್ನಿಶಾಮಕ ಸಿಬ್ಬಂದಿ ಹೊರಗೆ ಬರಲಿಲ್ಲ.

ಕಟ್ಟಡ ಏಕೆ ಬೀಳುತ್ತದೆ? ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಉಕ್ಕು ತನ್ನ ಅರ್ಧದಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕಟ್ಟಿಗೆಯ ತೊಲೆ ಸುಟ್ಟು ಸಣ್ಣದಾಗುತ್ತದೆ. ಬೆಂಕಿ ಆರಿಸಲು ಹಾಕಿದ ನೀರೂ ಭಾರವೇ. ನಿಮಿಷಕ್ಕೆ 500 ಲೀಟರ್ ಸುರಿದು ಅದು ಹರಿದುಹೋಗದಿದ್ದರೆ, ನಿಮಿಷಕ್ಕೆ ಅರ್ಧ ಟನ್ ಹೊರೆ ಕೂಡುತ್ತದೆ.

ಇದನ್ನು ಮೊದಲೇ ತಿಳಿಯುವುದು ಹೇಗೆ? ನಮ್ಮ ಅಜ್ಜಿಯರು ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡುತ್ತಿದ್ದರು. ಬಿರುಕಿದ್ದರೆ ಸಪ್ಪಳವೇ ಬೇರೆ. ಕಟ್ಟಡವೂ ಹಾಗೆಯೇ. ಪ್ರತಿಯೊಂದು ಕಟ್ಟಡಕ್ಕೂ ತನ್ನದೇ ಆದ ಕಂಪನವಿದೆ. ಉರಿಯುವ ಬೆಂಕಿಯೇ ಅದನ್ನು ಸಣ್ಣಗೆ ಅಲುಗಿಸುತ್ತಿರುತ್ತದೆ. ಆಧಾರ ಸಡಿಲವಾದಂತೆ ಆ ಕಂಪನ ಬದಲಾಗುತ್ತದೆ. ಅಮೆರಿಕದ ಹಾರ್ವೆ ಮಡ್ ಕಾಲೇಜಿನ ಪ್ರಾಧ್ಯಾಪಕ ಜಿಯಾದ್ ದುರೋನ್ ಅವರು 2000ದ ದಶಕದಲ್ಲಿ ಉರಿಯುವ ಕಟ್ಟಡಗಳಿಗೆ ಸೆನ್ಸರ್ ಇಟ್ಟು ಈ ಬದಲಾವಣೆಯನ್ನು ಅಳೆದರು. ಅಂಥ ಸೆನ್ಸರಿನ ಸಣ್ಣ ತಮ್ಮನೊಂದು ನಿಮ್ಮ ಜೇಬಿನಲ್ಲೇ ಇದೆ. ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರ ತಿರುಗುವುದು ಅದರಿಂದಲೇ. ಗೋಡೆಯ ವಾಲುವಿಕೆಯನ್ನು ದೂರದಿಂದಲೇ ಲೇಸರಿನಲ್ಲಿ ನೋಡಿ ಗಂಟೆ ಬಾರಿಸುವ ಉಪಕರಣಗಳೂ ಇವೆ.

ಆದರೆ ಯಂತ್ರವನ್ನು ಪೂರ್ತಿ ನಂಬುವಂತಿಲ್ಲ. ಕೆಲವು ಕಟ್ಟಡಗಳು ಸೂಚನೆಗೂ ಬೀಳುವಿಕೆಗೂ ನಡುವೆ ಸಮಯವನ್ನೇ ಕೊಡುವುದಿಲ್ಲ. ಸುಳ್ಳು ಗಂಟೆ ಎರಡು ಸಲ ಬಾರಿಸಿದರೆ ಮೂರನೆಯ ಸಲ ಯಾರೂ ಕೇಳುವುದಿಲ್ಲ. ಕೊನೆಗೆ "ಹೊರಗೆ ಬನ್ನಿ" ಎನ್ನುವ ಮುಖ್ಯಸ್ಥ ಬೇಕು, ಆ ಮಾತನ್ನು ಕೇಳುವ ಶಿಸ್ತೂ ಬೇಕು.

ಇನ್ನು ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ನೋಡೋಣ. ನಮ್ಮ ಹಳೆಯ ಓಣಿಗಳಲ್ಲಿ ಮಣ್ಣಿನ ಗೋಡೆ, ಜಂತಿ, ಮೇಲ್ಮುದ್ದೆಯ ಮನೆಗಳು ಇಂದಿಗೂ ಇವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಕೊಣ್ಣೂರು, ಹೊಳೆಆಲೂರು ಭಾಗದ ಜನ ಪಟ್ಟ ಪಾಡು ಗೊತ್ತೇ ಇದೆ. ನರಗುಂದದಲ್ಲಿ ಮನೆಯೊಳಗೇ ನೆಲ ಕುಸಿದದ್ದನ್ನೂ ಕಂಡೆವು. ಮೇಲೇರಿದ ಅಂತರ್ಜಲ, ಹಿಂದಿನವರು ಜೋಳ ತುಂಬಿಡುತ್ತಿದ್ದ ಹಗೇವು ಇದಕ್ಕೆ ಕಾರಣವೆಂಬ ಮಾತಿದೆ. ಇಂಥ ಮನೆ ಬಿದ್ದಾಗ ಮೊದಲು ಒಳನುಗ್ಗುವವರು ಓಣಿಯ ಹುಡುಗರು. ಅವರಲ್ಲಿ ಹೆಲ್ಮೆಟ್ಟೂ ಇರುವುದಿಲ್ಲ, ಸೆನ್ಸರೂ ಇರುವುದಿಲ್ಲ.

ಅವರಿಗೆ ನನ್ನ ಮಾತು ಇಷ್ಟೆ. ಮೊದಲು 101 ಅಥವಾ 112ಕ್ಕೆ ಫೋನ್ ಮಾಡಿ. ಒಬ್ಬ ಹೊರಗೇ ನಿಂತು ಗೋಡೆಯನ್ನೇ ನೋಡುತ್ತಿರಲಿ. ಜಂತಿಯ ಸಂದಿನಿಂದ ಮಣ್ಣು ಉದುರಿದರೆ, ಬಿರುಕು ಅಗಲವಾದರೆ, ತೊಲೆ ಕಿರುಗುಟ್ಟಿದರೆ ಆತ ಕೂಗಲಿ, ಉಳಿದವರು ಹಿಂದೆ ಸರಿಯಲಿ. ಹಿಂದೆ ಸರಿಯುವುದು ಹೇಡಿತನವಲ್ಲ. ಒಂದು ಜೀವ ಉಳಿಸುವುದನ್ನು ನಮ್ಮ ದೀನ್ ಬಹು ದೊಡ್ಡ ಪುಣ್ಯವೆಂದು ಕಲಿಸಿದೆ. ಉಳಿಸಲು ಹೋದವನ ಜೀವವೂ ಆ ಲೆಕ್ಕದಲ್ಲಿದೆ.

ವಿಜ್ಞಾನ, ಡಿಪ್ಲೊಮಾ, ಐಟಿಐ ಓದುತ್ತಿರುವ ಮಕ್ಕಳೇ, ಮುಂದಿನ ವರ್ಷದ ಪ್ರಾಜೆಕ್ಟಿಗೆ ಗೋಡೆಯ ಕಂಪನ ಅಳೆಯುವ ಒಂದು ಚಿಕ್ಕ ಉಪಕರಣ ಮಾಡಿ ತನ್ನಿ. ಅದು ಆಗದವರು ಮಳೆಗಾಲಕ್ಕೆ ಮುಂಚೆ ನಿಮ್ಮ ಓಣಿಯ ಶಿಥಿಲ ಮನೆಗಳ ಪಟ್ಟಿ ಮಾಡಿ. ಬಿರುಕಿನ ಎರಡೂ ಬದಿಗೆ ಗುರುತು ಹಾಕಿ, ವಾರಕ್ಕೊಮ್ಮೆ ಅಳತೆ ಬರೆದಿಡಿ. ಅಂತರ ಹೆಚ್ಚಿದರೆ ಆ ಮನೆಯವರನ್ನು ಬೇರೆ ಕಡೆ ಮಲಗಲು ಒಪ್ಪಿಸಿ. ಇದಕ್ಕೆ ಒಂದು ಸ್ಕೇಲು, ಒಂದು ನೋಟ್‌ಬುಕ್ಕು ಸಾಕು.

 ಅಲ್ಲಾಹನು ನಮ್ಮ ವಿದ್ಯೆಯನ್ನು ಜನರಿಗೆ ಉಪಯೋಗವಾಗುವಂತೆ ಮಾಡಲಿ. ಆಮೀನ್.