ಪ್ರಯಾಣ ಮನೆಯ ಹೊಸ್ತಿಲಿನಿಂದ ಆರಂಭವಾಗುತ್ತದೆ

(ಸಿಂಧನೂರಿನಲ್ಲಿ ನಡೆದ, ಲಿಂಗಸುಗೂರು ಮತ್ತು ಮಸ್ಕಿಯ ಕುಟುಂಬಗಳೂ ಪಾಲ್ಗೊಂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಾಲೆಗಳಿಗೆ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಮೂರು ಊರುಗಳ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ದುಬೈಯಲ್ಲಿ ದುಡಿಯುವ ಮಗನ ಮನೆಯಲ್ಲಿ ಹತ್ತು ದಿನ ಇದ್ದು ಬರುವ ಆಸೆ ಒಬ್ಬರಿಗೆ. ಮಕ್ಕಳಿಗೆ ಮಲೇಶಿಯಾ ತೋರಿಸುವ ಬಯಕೆ ಇನ್ನೊಬ್ಬರಿಗೆ. ಉಮ್ರಾ ಮುಗಿಸಿ ಬರುವಾಗ ಇನ್ನೊಂದು ದೇಶವನ್ನೂ ನೋಡಿಬರೋಣ ಎಂಬ ಯೋಜನೆ ಮತ್ತೊಬ್ಬರದು. ಹೊರಡುವುದು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ? ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಟಿಕೆಟ್ ಎಲ್ಲಿಂದ ಅಗ್ಗವೋ ಅಲ್ಲಿಂದ.’ ಈ ಉತ್ತರ ಅರ್ಧ ಮಾತ್ರ ಸರಿ. ಆ ಉಳಿದರ್ಧವನ್ನು ತಿಳಿಯದೆ ಹೊರಟವರು ತೆರುವ ಬೆಲೆ ಸಣ್ಣದಲ್ಲ. ಇಂದು ಅದರ ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಈ ಗೊಂದಲ ಇರಲಿಲ್ಲ. ಮುಂಬೈ ಕಡೆಯ ರೈಲುಹಳಿ ಮತ್ತು ಮದ್ರಾಸ್ ಕಡೆಯ ರೈಲುಹಳಿ 1871ರಲ್ಲಿ ಸೇರಿದ್ದು ನಮ್ಮ ರಾಯಚೂರಿನಲ್ಲಿ. ಈ ಭಾಗದಿಂದ ಹಜ್‌ಗೆ ಹೊರಟವರು ರಾಯಚೂರು ತಲುಪಿ, ಅಲ್ಲಿಂದ ರೈಲಿನಲ್ಲಿ ಮುಂಬೈಗೆ ಹೋಗಿ, ಹಡಗು ಏರಿ ಜಿದ್ದಾ ಸೇರುತ್ತಿದ್ದರು. 1995ರಲ್ಲಿ ಹಜ್ ಹಡಗುಗಳ ಸಂಚಾರ ನಿಂತಿತು. ಆ ಹಾದಿ ಕಷ್ಟದ್ದಾಗಿತ್ತು, ದೀರ್ಘವಾಗಿತ್ತು. ಆದರೆ ಅವರು ಇಡೀ ಹಾದಿಯನ್ನು ಒಂದೇ ಪ್ರಯಾಣವೆಂದು ತಿಳಿದು ಸಿದ್ಧತೆ ಮಾಡುತ್ತಿದ್ದರು. ನಾವಾದರೋ ವಿಮಾನ ನೆಲ ಬಿಟ್ಟ ಬಳಿಕವೇ ಪ್ರಯಾಣ ಆರಂಭವಾಗುತ್ತದೆಂದು ಭಾವಿಸಿದ್ದೇವೆ. ನಮ್ಮ ಎಲ್ಲ ತೊಂದರೆಗಳ ಮೂಲ ಈ ಭಾವನೆಯೇ ಆಗಿದೆ.

ಈ ಮಾತನ್ನು ಇತರರಿಗೆ ಬುದ್ಧಿ ಹೇಳುವವರಂತೆ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬವೇ ಈ ತಪ್ಪು ಮಾಡಿತು. ತಾಯಿಯನ್ನೂ ಸೇರಿಸಿ ನಾವು ಐದು ಮಂದಿ ಬೆಂಗಳೂರಿನ ಮೂಲಕ ವಿದೇಶಕ್ಕೆ ಹೊರಟೆವು. ಮೊಣಕಾಲು ನೋವಿನ ತಾಯಿಗೆ ದೂರದ ರಸ್ತೆ ಬೇಡವೆಂದು, ನಮ್ಮ ಸೀಮೆಯ ಒಂದು ಸಣ್ಣ ನಿಲ್ದಾಣದಿಂದ ಬೆಂಗಳೂರಿಗೆ ಒಂದು ಟಿಕೆಟ್, ಬೆಂಗಳೂರಿನಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ಕೊಂಡೆವು. ಬೇರೆ ಬೇರೆ ಕೊಂಡರೆ ಐವರಿಗೂ ಸೇರಿ ಒಂಬತ್ತು ಸಾವಿರ ಉಳಿಯುತ್ತಿತ್ತು. ಮೊದಲ ವಿಮಾನ ಮೂರೂವರೆ ಗಂಟೆ ತಡವಾಯಿತು. ನಾವು ಓಡೋಡಿ ಹೋಗುವಾಗ ಎರಡನೆಯ ವಿಮಾನದ ಕೌಂಟರ್ ಮುಚ್ಚಿತ್ತು. ಮೊದಲ ಸಂಸ್ಥೆಯವರು, ‘ನಿಮ್ಮನ್ನು ಬೆಂಗಳೂರಿಗೆ ತಲುಪಿಸುವುದಷ್ಟೇ ನಮ್ಮ ಹೊಣೆ, ತಲುಪಿಸಿದ್ದೇವೆ’ ಎಂದರು. ಎರಡನೆಯವರು, ‘ನೀವು ಸಮಯಕ್ಕೆ ಬರಲಿಲ್ಲ’ ಎಂದರು. ನಿಯಮದ ಪ್ರಕಾರ ಇಬ್ಬರ ಮಾತೂ ಸರಿಯೇ ಆಗಿತ್ತು. ಐದು ಟಿಕೆಟ್‌ಗಳ ಹಣ ಹೋಯಿತು. ತಾಯಿ ಪೆಟ್ಟಿಗೆಯ ಮೇಲೆ ಕುಳಿತು ನಮ್ಮನ್ನು ಬೈಯಲಿಲ್ಲ. ‘ನಿಮ್ಮ ಅಬ್ಬಾ ಇದ್ದಿದ್ದರೆ ಹಿಂದಿನ ದಿನವೇ ಬಂದು ಕುಳಿತಿರುತ್ತಿದ್ದರು’ ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಅಂದು ಕಲಿತ ಮೊದಲ ಪಾಠ: ಮನೆಯವರೊಂದಿಗೆ ಹೊರಟಾಗ ನೇರ ವಿಮಾನವೇ ಉತ್ತಮ. ನಡುವೆ ಇಳಿಯಲೇಬೇಕಾದರೆ ಕೊನೆಯ ಊರಿನವರೆಗೆ ಒಂದೇ ಟಿಕೆಟ್, ಅಂದರೆ ಒಂದೇ ಪಿಎನ್‌ಆರ್ ಸಂಖ್ಯೆ ಇರಬೇಕು. ಹಾಗಿದ್ದರೆ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೂ ಬೇರೆ ವಿಮಾನದಲ್ಲಿ ಕಳುಹಿಸುವ ಹೊಣೆ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಆದರೆ ಹೊಣೆಯೆಲ್ಲ ನಮ್ಮ ತಲೆಯ ಮೇಲೆ. ಇಷ್ಟೇ ಅಲ್ಲ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಗೆ ಹೆಚ್ಚಾಗಿ 15 ಕಿಲೋ ಸಾಮಾನು ಮಾತ್ರ ಉಚಿತ, ಗಲ್ಫ್ ವಿಮಾನಗಳಲ್ಲಿ ಅದು ಅನೇಕ ಕಡೆ 25-30 ಕಿಲೋ. ಮಗಳಿಗಾಗಿ ಕಟ್ಟಿದ ಉಪ್ಪಿನಕಾಯಿ, ಖಾರದಪುಡಿಯ ಹೆಚ್ಚುವರಿ ತೂಕಕ್ಕೆ ಮೊದಲ ಹೆಜ್ಜೆಯಲ್ಲೇ ದಂಡ ತೆರಬೇಕಾಗುತ್ತದೆ. ನಡುವಿನ ನಿಲ್ದಾಣ ಬೇರೊಂದು ದೇಶದಲ್ಲಿದ್ದರೆ ಸಾಮಾನನ್ನು ಬಿಡಿಸಿಕೊಂಡು ಮತ್ತೆ ಒಪ್ಪಿಸಲು ಆ ದೇಶದೊಳಗೆ ಪ್ರವೇಶಿಸಬೇಕು. ಅದಕ್ಕೆ ಆ ದೇಶದ ವೀಸಾ ಇಲ್ಲದಿದ್ದರೆ ದಾರಿಯೇ ಮುಚ್ಚಿತು. 2025ರ ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶವನ್ನು ಹಠಾತ್ತನೆ ಮುಚ್ಚಿದಾಗ ಅನೇಕ ವಿಮಾನಗಳು ಅರ್ಧ ದಾರಿಯಿಂದ ತಿರುಗಬೇಕಾಯಿತು. ಅಂತಹ ದಿನ ಯಾರಿಗೂ ಹೇಳಿ ಬರುವುದಿಲ್ಲ. ಕೈಯಲ್ಲಿ ಒಂದೇ ಟಿಕೆಟ್ ಇದ್ದವನಿಗೆ ಕೇಳಲು ಒಂದು ಬಾಗಿಲಾದರೂ ಇರುತ್ತದೆ.

ಇನ್ನು ನಿಲ್ದಾಣದ ಪ್ರಶ್ನೆಗೆ ಬರೋಣ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ನಾವು ಹೈದರಾಬಾದಿಗೂ ಬೆಂಗಳೂರಿಗೂ ನಡುವೆ ಇದ್ದೇವೆ. ಹಿಂದೆ ಬೇಗಂಪೇಟೆಯ ನಿಲ್ದಾಣವೂ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣವೂ ನಗರದೊಳಗೇ ಇದ್ದವು. 2008ರ ಮಾರ್ಚ್‌ನಲ್ಲಿ ಶಂಶಾಬಾದ್, ಅದೇ ವರ್ಷದ ಮೇ ತಿಂಗಳಲ್ಲಿ ದೇವನಹಳ್ಳಿ ಆರಂಭವಾದವು. ಶಂಶಾಬಾದ್ ಹೈದರಾಬಾದಿನ ದಕ್ಷಿಣಕ್ಕಿದೆ, ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿದೆ. ಅಂದರೆ ಎರಡೂ ನಮ್ಮ ಕಡೆಗೆ ಮುಖ ಮಾಡಿವೆ. ಎರಡೂ 44ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲೇ ಇವೆ. ನಗರದ ದಟ್ಟಣೆಯೊಳಗೆ ಹೊಕ್ಕು ಹೊರಡುವ ಅಗತ್ಯವೇ ನಮಗಿಲ್ಲ.

ಸಿಂಧನೂರಿನಿಂದ ಮಾನ್ವಿ, ರಾಯಚೂರು, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮಾರ್ಗವಾಗಿ ಶಂಶಾಬಾದ್‌ಗೆ ಸುಮಾರು 275 ಕಿಲೋಮೀಟರ್. ಲಿಂಗಸುಗೂರು, ಮಸ್ಕಿಯವರಿಗೂ ಹೆಚ್ಚು ಕಡಿಮೆ ಅಷ್ಟೇ. ಬಳ್ಳಾರಿ, ಅನಂತಪುರದ ಮಾರ್ಗವಾಗಿ ದೇವನಹಳ್ಳಿಗೆ ಸಿಂಧನೂರಿನಿಂದ ಸುಮಾರು 370 ಕಿಲೋಮೀಟರ್. ಲಿಂಗಸುಗೂರಿನವರು ಇದಕ್ಕೆ ಇನ್ನೂ 50-60 ಸೇರಿಸಬೇಕು. ಜಿದ್ದಾ, ದುಬೈ, ದೋಹಾ, ಕ್ವಾಲಾಲಂಪುರ, ಸಿಂಗಾಪುರಗಳಿಗೆ ಸಾಮಾನ್ಯ ದಿನಗಳಲ್ಲಿ ಎರಡೂ ನಿಲ್ದಾಣಗಳಿಂದ ನೇರ ವಿಮಾನಗಳಿವೆ. ಹೀಗಿರುವಾಗ ಈ ಊರುಗಳಿಗೆ ಹೋಗುವವರ ಮೊದಲ ಆಯ್ಕೆ ಹೈದರಾಬಾದ್ ಆಗಬೇಕು. ರಾಯಚೂರು, ಕಲಬುರಗಿ, ಬೀದರ್ ಭಾಗದ ಹಜ್ ಯಾತ್ರಿಕರು ಹೈದರಾಬಾದಿನಿಂದ ಹೊರಡುವ ರೂಢಿಯೂ ಹಳೆಯದೇ. ಆದರೆ ಹೊರಡುವ ವಾರ ರಸ್ತೆಯ ಸ್ಥಿತಿಯನ್ನು ವಿಚಾರಿಸಲೇಬೇಕು. ದೇವಸೂಗೂರಿನ ಬಳಿಯ ಕೃಷ್ಣಾ ಸೇತುವೆ ನಿಜಾಮರ ಕಾಲದ್ದು. 2024ರ ಆರಂಭದಲ್ಲಿ ದುರಸ್ತಿಗಾಗಿ ಅದರ ಮೇಲೆ ಸಂಚಾರ ನಿಲ್ಲಿಸಿದಾಗ ವಾಹನಗಳು ಬಳಸುದಾರಿ ಹಿಡಿಯಬೇಕಾಯಿತು.

ಬೆಂಗಳೂರು ಯಾವಾಗ ಮೇಲು? ಹೋಗಬೇಕಾದ ಊರಿಗೆ ನೇರ ವಿಮಾನ ಅಲ್ಲಿಂದ ಮಾತ್ರ ಇರುವಾಗ, ಅಥವಾ ಬೆಂಗಳೂರಿನಲ್ಲಿ ಒಂದು ರಾತ್ರಿ ಉಳಿಯಲು ಸಂಬಂಧಿಕರ ಮನೆ ಇರುವಾಗ. 2024ರಲ್ಲಿ ಸಿಂಧನೂರಿಗೆ ರೈಲು ಬಂದದ್ದು ಇನ್ನೊಂದು ಅನುಕೂಲ. ಯಶವಂತಪುರದ ರೈಲು ಸುತ್ತು ಬಳಸಿ ನಿಧಾನವಾಗಿ ಹೋಗುತ್ತದೆ, ನಿಜ. ಆದರೆ ಬೆನ್ನು ನೋವಿನ ಹಿರಿಯರಿಗೆ ಕಾರಿನಲ್ಲಿ ಎಂಟು ಗಂಟೆ ಮುದುಡಿ ಕೂರುವುದಕ್ಕಿಂತ ರೈಲಿನಲ್ಲಿ ಮೈಚಾಚಿ ಮಲಗುವುದು ಎಷ್ಟೋ ಲೇಸು. ಬೆಂಗಳೂರಿನ ವಿದೇಶ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಎರಡನೆಯ ಟರ್ಮಿನಲ್‌ಗೆ ಸ್ಥಳಾಂತರವಾಗಿವೆ ಎಂಬುದನ್ನು ಚಾಲಕನಿಗೆ ಮೊದಲೇ ಹೇಳಿರಬೇಕು. ಮುಂಬೈಯ ಆಯ್ಕೆಯೂ ಇಲ್ಲದಿಲ್ಲ. ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಇಂದಿಗೂ ಅಜ್ಜಂದಿರ ಹಾದಿಯಲ್ಲೇ ಓಡುತ್ತಿದೆ. ಆದರೆ ಮಕ್ಕಳು, ಹಿರಿಯರು, ಹತ್ತು ಪೆಟ್ಟಿಗೆಗಳೊಂದಿಗೆ ಆ ಮಹಾನಗರವನ್ನು ದಾಟುವುದು ಎಲ್ಲರಿಗೂ ಆಗುವ ಮಾತಲ್ಲ.

ನಮ್ಮದೇ ಸೀಮೆಯ ನಿಲ್ದಾಣಗಳೇನಾದವು ಎಂದು ನೀವು ಕೇಳಬಹುದು. ಕೇಳಬೇಕು ಕೂಡ. ಕಲಬುರಗಿಯ ನಿಲ್ದಾಣ 2019ರ ನವೆಂಬರ್‌ನಲ್ಲಿ ಆರಂಭವಾಯಿತು, ಆದರೆ ಅಲ್ಲಿಂದ ವಿದೇಶಕ್ಕೆ ವಿಮಾನವಿಲ್ಲ. ರಾಯಚೂರಿನ ಯರಮರಸಿನಲ್ಲಿ ವಿಮಾನ ನಿಲ್ದಾಣವಾಗಲಿದೆ ಎಂಬ ಮಾತನ್ನು ಕೇಳುತ್ತಲೇ ಒಂದು ತಲೆಮಾರು ಬೆಳೆಯಿತು. 371ಜೆ ವಿಧಿಯ ವಿಶೇಷ ಸ್ಥಾನಮಾನ ಪಡೆದ ಕಲ್ಯಾಣ ಕರ್ನಾಟಕದ ಜನ ಗಡಿಯಾಚೆಯ ನಿಲ್ದಾಣವನ್ನೇ ನೆಚ್ಚಿಕೊಳ್ಳಬೇಕಾಗಿರುವುದು ಯಾರ ಹೆಗ್ಗಳಿಕೆ? ಮತ ಕೇಳಲು ಬರುವವರ ಮುಂದೆ ಈ ಪ್ರಶ್ನೆಯನ್ನು ಇಡುವುದು ನಮ್ಮ ಹಕ್ಕು. ಆದರೆ ಉತ್ತರ ಬರುವ ತನಕ ನಮ್ಮ ಮನೆಯವರ ಸುರಕ್ಷತೆಯನ್ನು ಭರವಸೆಗಳ ಮೇಲೆ ಕಟ್ಟಲಾಗದು.

ಈಗ ಸಮಯದ ಲೆಕ್ಕ. ಗಲ್ಫ್ ವಿಮಾನಗಳಲ್ಲಿ ಅನೇಕವು ನಡುರಾತ್ರಿಯ ಬಳಿಕ ಹೊರಡುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ ವಿಮಾನವೆಂದರೆ ಒಂದಕ್ಕೆ ನಿಲ್ದಾಣದಲ್ಲಿರಬೇಕು, ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಶಂಶಾಬಾದ್‌ಗೆ ಆರು ಗಂಟೆಯ ದಾರಿ, ಊಟ ನಮಾಝ್‌ಗೆ ಒಂದು ಗಂಟೆ, ಟಯರ್ ಪಂಕ್ಚರ್ ಆದರೆ ಎಂದು ಇನ್ನೊಂದು ಗಂಟೆ. ಅಂದರೆ ಹಿಂದಿನ ದಿನ ಸಂಜೆ ಐದಕ್ಕೆ ಮನೆ ಬಿಡಬೇಕು. ನಮ್ಮಲ್ಲಿ ಮಾಡುವುದೇನು? ಅಪ್ಪಿಕೊಳ್ಳುವುದು ಮುಗಿಯುವಾಗಲೇ ಎಂಟು. ಬಳಿಕ ಚಾಲಕನಿಗೆ ‘ಸ್ವಲ್ಪ ಜೋರಾಗಿ ಬಿಡಪ್ಪಾ’ ಎಂಬ ಒತ್ತಾಯ.

ಆ ಚಾಲಕನ ಬಗ್ಗೆ ಒಮ್ಮೆಯಾದರೂ ಯೋಚಿಸಿದ್ದೇವೆಯೇ? ಹಗಲಿಡೀ ಬಾಡಿಗೆ ಓಡಿಸಿ ದಣಿದವನು ರಾತ್ರಿ ನಮ್ಮನ್ನು ಒಯ್ಯುತ್ತಾನೆ. ನಮ್ಮನ್ನು ಇಳಿಸಿ, ಬೆಳಗಿನ ಬಾಡಿಗೆಗೆಂದು ಅದೇ ರಾತ್ರಿ ಒಬ್ಬನೇ ಮರಳುತ್ತಾನೆ. ನಾವು ವಿಮಾನದಲ್ಲಿ ಕಂಬಳಿ ಹೊದ್ದು ಮಲಗಿರುವಾಗ ಅವನು ಮಹಬೂಬ್‌ನಗರದ ದಾರಿಯಲ್ಲಿ ನಿದ್ದೆಯೊಂದಿಗೆ ಹೋರಾಡುತ್ತಿರುತ್ತಾನೆ. ಅವನಿಗೂ ಮನೆಯಿದೆ, ಕಾಯುವ ಮಕ್ಕಳಿದ್ದಾರೆ. ಹಗಲು ಮಲಗಿ ಎದ್ದ ಚಾಲಕನನ್ನೇ ಕರೆಯುವುದು, ಮರಳುವ ಮುನ್ನ ಅವನು ಕೆಲವು ಗಂಟೆ ಮಲಗಲೆಂದು ಕೋಣೆಯ ಬಾಡಿಗೆಯನ್ನು ಲೆಕ್ಕದಲ್ಲಿ ಸೇರಿಸುವುದು ದಾನವಲ್ಲ, ನಮ್ಮ ಕರ್ತವ್ಯ. ಇಷ್ಟಕ್ಕೂ ಹಣವಿಲ್ಲವೆಂದರೆ ಆ ಪ್ರವಾಸಕ್ಕೆ ನಮ್ಮ ಬಳಿ ಹಣವಿಲ್ಲವೆಂದೇ ಅರ್ಥ.

ಕಾಗದಪತ್ರಗಳ ಬಗ್ಗೆ ಎರಡು ಮಾತು. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂಬುದು ಅನೇಕರಿಗೆ ಗೊತ್ತು. ಆದರೆ ನಮ್ಮ ತಾಯಂದಿರ ಪಾಸ್‌ಪೋರ್ಟ್‌ಗಳಲ್ಲಿ ಒಂದೇ ಹೆಸರಿರುವುದನ್ನು ಯಾರೂ ಗಮನಿಸುವುದಿಲ್ಲ. ಬರೀ ಫಾತಿಮಾ, ಬರೀ ಖತೀಜಾ. 2022ರ ನವೆಂಬರ್‌ನಲ್ಲಿ ಯುಎಇ, ಭೇಟಿ ವೀಸಾದಲ್ಲಿ ಬರುವವರ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಪ್ರವೇಶವಿಲ್ಲವೆಂದಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರಿದ್ದರೆ ಅವಕಾಶವೆಂದು ಬಳಿಕ ಸಡಿಲಿಸಲಾಯಿತು. ಹಾಗಾಗಿ ಟಿಕೆಟ್ ಕೊಳ್ಳುವ ಮುನ್ನ ಪ್ರತಿಯೊಬ್ಬರ ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟಗಳನ್ನು ಓದಿ ನೋಡಬೇಕು, ದುಬೈ ದಾರಿಯ ನಡುವಿನ ತಂಗುದಾಣವಷ್ಟೇ ಆಗಿದ್ದರೂ ಸರಿ. ಎಸೆಸೆಲ್ಸಿ ಓದದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಎಂದಿದ್ದರೆ ಪ್ರವಾಸಕ್ಕೆ ಅದು ಅಡ್ಡಿಯಲ್ಲ. ಆದರೂ ದುಡಿಮೆಗೆ ಹೋಗುತ್ತಿಲ್ಲವೆಂದು ತೋರಿಸಲು ಮರಳುವ ಟಿಕೆಟ್ ಕೈಯಲ್ಲಿರಲಿ. ಒಂಟೆಯನ್ನು ಕಟ್ಟಿದ ಬಳಿಕವೇ ತವಕ್ಕುಲ್ ಎಂಬುದು ಮದ್ರಸದಲ್ಲಿ ನಾವೆಲ್ಲ ಕಲಿತ ಪಾಠವಲ್ಲವೇ?

ಟಿಕೆಟ್ ದರಕ್ಕೂ ಒಂದು ಋತುಮಾನವಿದೆ. ಗಲ್ಫ್‌ನ ಶಾಲೆಗಳಿಗೆ ಬೇಸಿಗೆ ರಜೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಜೂನ್ ಕೊನೆಗೆ ಅಲ್ಲಿಂದ ಇಲ್ಲಿಗೆ ನೂಕುನುಗ್ಗಲು, ಆಗಸ್ಟ್ ಕೊನೆಗೆ ಇಲ್ಲಿಂದ ಅಲ್ಲಿಗೆ. ಆ ವಾರಗಳನ್ನೂ ಎರಡು ಈದ್‌ಗಳ ಆಸುಪಾಸನ್ನೂ ತಪ್ಪಿಸಿದರೆ ಉಳಿಯುವ ಹಣ, ನಿಲ್ದಾಣ ಬದಲಿಸಿ ಉಳಿಸುವುದಕ್ಕಿಂತ ಹೆಚ್ಚು. ದಸರಾ ರಜೆ ನಮಗೆ ಅನುಕೂಲಕರ. ಆದರೆ ಬಡ್ಡಿಯ ಕಂತಿನಲ್ಲಿ ಪ್ರವಾಸ ಮಾಡಿಸುವವರ ಮಾತಿಗೆ ಮರುಳಾಗಬಾರದು. ಹತ್ತು ದಿನದ ಸಂತೋಷಕ್ಕೆ ಹದಿನೆಂಟು ತಿಂಗಳು ಬಡ್ಡಿ ಕಟ್ಟುವ ಮನೆಯಲ್ಲಿ ಆ ಸಂತೋಷದ ನೆನಪೂ ಉಳಿಯುವುದಿಲ್ಲ. ಒಬ್ಬರನ್ನು ಬೀಳ್ಕೊಡಲು ಮೂರು ಜೀಪುಗಳಲ್ಲಿ ಇಪ್ಪತ್ತು ಮಂದಿ ಹೋಗುವ ಪದ್ಧತಿಯೂ ಇನ್ನು ಸಾಕು. ಆ ಡೀಸೆಲ್ ಹಣದಲ್ಲಿ ತಾಯಿಗೆ ಶಂಶಾಬಾದ್‌ನಲ್ಲಿ ಒಂದು ರಾತ್ರಿಯ ವಿಶ್ರಾಂತಿ ಸಿಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಇಂದು ಮನೆಗೆ ಹೋಗಿ ಒಂದು ಹಾಳೆಯಲ್ಲಿ ಎರಡು ಸಾಲು ಎಳೆಯಿರಿ. ಒಂದರಲ್ಲಿ ಹೈದರಾಬಾದ್, ಇನ್ನೊಂದರಲ್ಲಿ ಬೆಂಗಳೂರು. ಎರಡರ ಕೆಳಗೂ ಟಿಕೆಟ್, ಕಾರು, ಕೋಣೆ, ಊಟ, ಸಾಮಾನಿನ ತೂಕ ಎಲ್ಲವನ್ನೂ ಬರೆದು, ಹೋಗುವ ಬರುವ ಎರಡೂ ದಾರಿಗಳಿಗೆ ಕೂಡಿಸಿ ನೋಡಿ. ಆನಂತರ ಮನೆಯಲ್ಲಿ ಅತ್ಯಂತ ದುರ್ಬಲರು ಯಾರೋ ಅವರನ್ನು ಕೇಳಿ: ಮೊಣಕಾಲು ನೋವಿನ ತಾಯಿ, ಹಾಲು ಕುಡಿಯುವ ಮಗು, ಸಕ್ಕರೆ ಕಾಯಿಲೆಯ ತಂದೆ. ಯಾವ ದಾರಿ ಅವರಿಗೆ ಹಗುರವೋ ಅದೇ ಇಡೀ ಕುಟುಂಬದ ಉತ್ತಮ ದಾರಿ. ನಾವು ಆ ಪ್ರಶ್ನೆಯನ್ನು ನಮ್ಮ ತಾಯಿಗೆ ಕೇಳಲಿಲ್ಲ. ನೀವಾದರೂ ಕೇಳಿರಿ.

ನಿಮ್ಮೆಲ್ಲರ ಪ್ರಯಾಣಗಳು ಸುಖಕರವಾಗಿರಲಿ, ಹೋದಷ್ಟೇ ಮಂದಿ ಕ್ಷೇಮವಾಗಿ ಮರಳಿ ಬರುವಂತಾಗಲಿ. ವಸ್ಸಲಾಮ್.