ತುತ್ತ, ಬಿಸಿಲು ಮತ್ತು ಹಳ್ಳದ ಪಾಚಿ



ಮಳೆಗಾಲ ಹಿಡಿಯುವ ಮುನ್ನ ಅಡಿಕೆಗೆ ತುತ್ತ-ಸುಣ್ಣ ಹೊಡೆಯುವುದು ನಮ್ಮೆಲ್ಲರ ವಾಡಿಕೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗವನ್ನು ಅಭ್ಯಸಿಸಿದರು. ಅಂದಿನಿಂದ ಬೋರ್ಡೋ ದ್ರಾವಣವು ನಮ್ಮ ತೋಟಗಳನ್ನು ಕಾಪಾಡಿದೆ. ಅದನ್ನು ಹಳಿಯಲು ನಾನು ಇಲ್ಲಿ ನಿಂತಿಲ್ಲ, ನಾನೂ ಹೊಡೆಸುವವನೇ. ಆದರೆ ಕೊನೆಯಿಂದ ತೊಳೆದುಹೋದ ತಾಮ್ರವು ಹಳ್ಳದಲ್ಲಿ ಏನು ಮಾಡುತ್ತದೆ ಎಂಬುದನ್ನು ನಾವು ಅರಿಯಬೇಕು.

ಶೇಕಡಾ 1ರ ದ್ರಾವಣದ 100 ಲೀಟರಿಗೆ 1 ಕಿಲೋ ಮೈಲುತುತ್ತ ಬೇಕು. ಅದರಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ತಾಮ್ರವು ಮೂಲಧಾತು, ಕೊಳೆಯುವುದಿಲ್ಲ, ಸ್ಥಳವನ್ನಷ್ಟೇ ಬದಲಿಸುತ್ತದೆ. ಒಂದಷ್ಟು ಮಣ್ಣಿನಲ್ಲಿ ನಿಲ್ಲುತ್ತದೆ, ಒಂದಷ್ಟು ಹಳ್ಳಕ್ಕೆ ಇಳಿಯುತ್ತದೆ.

ಪಾಚಿಗೆ ತಾಮ್ರವು ಅತ್ಯಲ್ಪವಾದರೆ ಪೋಷಕ, ಮಿತಿಮೀರಿದರೆ ವಿಷ. 1904ರಷ್ಟು ಹಿಂದೆಯೇ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಮೂರ್ ಮತ್ತು ಕೆಲ್ಲರ್‌ಮನ್ ಜಲಾಶಯದ ಪಾಚಿಯನ್ನು ಕೊಲ್ಲಲು ಮೈಲುತುತ್ತವನ್ನು ಸೂಚಿಸಿದ್ದರು. ಆದರೆ ನೀರಿನಲ್ಲಿ ತಾಮ್ರ ಎಷ್ಟಿದೆ ಎಂಬುದೊಂದೇ ಮುಖ್ಯವಲ್ಲ. ಯಾವ ರೂಪದಲ್ಲಿದೆ ಎಂಬುದೂ ಮುಖ್ಯ. ದರಕು ಕೊಳೆತು ನೀರಿಗೆ ಚಹಾದ ಬಣ್ಣ ಕೊಡುವ ಹ್ಯೂಮಿಕ್ ಪದಾರ್ಥವು ತಾಮ್ರವನ್ನು ಕಟ್ಟಿಹಾಕುತ್ತದೆ. ಕಟ್ಟಿದ ತಾಮ್ರಕ್ಕಿಂತ ಬಿಡಿಯಾದ ತಾಮ್ರವೇ ಪಾಚಿಗೆ ಹೆಚ್ಚು ಅಪಾಯಕಾರಿ.

ಇಲ್ಲಿಯೇ ಬಿಸಿಲಿನ ಪಾತ್ರವಿರುವುದು. ಅದರ ನೇರಳಾತೀತ ಕಿರಣಗಳು ಹ್ಯೂಮಿಕ್ ಪದಾರ್ಥವನ್ನು ಒಡೆಯುತ್ತವೆ. ತಾಮ್ರದ ಕಟ್ಟು ಸಡಿಲಾಗುತ್ತದೆ. ಅದೇ ಬೆಳಕಿನಿಂದ ನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡಿನಂತಹ ವಸ್ತುಗಳು ಹುಟ್ಟುತ್ತವೆ. ತಾಮ್ರದ ಜೊತೆಗೂಡಿ ಅವು ಜೀವಕೋಶಗಳನ್ನು ಘಾಸಿಗೊಳಿಸಬಲ್ಲವು. 1990ರ ದಶಕದಲ್ಲಿ ಜರ್ಮನಿಯ ಸಂಶೋಧಕರು ಹಸಿರು ಪಾಚಿಯಲ್ಲಿ ಇನ್ನೊಂದು ಸಂಗತಿಯನ್ನು ಕಂಡರು. ಮಂದ ಬೆಳಕಿನಲ್ಲಿ ತಾಮ್ರವು ಹರಿತ್ತಿನೊಳಗಿನ ಮೆಗ್ನೀಸಿಯಮ್ಮಿನ ಸ್ಥಾನವನ್ನು ಕಸಿಯುತ್ತದೆ. ಪ್ರಖರ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆಯ ಕೇಂದ್ರಕ್ಕೇ ಪೆಟ್ಟು ಕೊಡುತ್ತದೆ. ಅಂದರೆ ನೆರಳಿನಲ್ಲಿಯೂ ವಿಷ ವಿಷವೇ. ಅದರ ದಾರಿ ಮಾತ್ರ ಬೇರೆ.

ಎಲ್ಲ ಲೋಹಗಳಿಗೂ ಒಂದೇ ನಿಯಮವಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಬ್ಬಿಣವನ್ನು ಬಿಸಿಲು ಪಾಚಿಯು ಹೀರಬಲ್ಲ ರೂಪಕ್ಕೆ ತರುತ್ತದೆ. ಅಲ್ಲಿ ಅದು ಉಪಕಾರಿ.

ಪಾಚಿ ಹೋದರೆ ಹೋಗಲಿ ಎನ್ನುವಂತಿಲ್ಲ. ಕಲ್ಲಿನ ಮೇಲಿನ ಪಾಚಿಯನ್ನು ಗೊದಮೊಟ್ಟೆಗಳೂ ಹುಳುಗಳೂ ಮೇಯುತ್ತವೆ. ಅವುಗಳನ್ನು ಮೀನು ತಿನ್ನುತ್ತದೆ. ಹಳ್ಳದಂಚಿನ ಮರವನ್ನು ಕಡಿದಾಗ ನೆರಳೂ ಹೋಗುತ್ತದೆ, ತಾಮ್ರವನ್ನು ಕಟ್ಟುವ ದರಕೂ ಹೋಗುತ್ತದೆ. ಒಂದೇ ಕೊಡಲಿಗೆ ಎರಡು ನಷ್ಟ.

ಆದ್ದರಿಂದ ನನ್ನ ವಿನಂತಿ ಮೂರು. ಔಷಧಿಯ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯದಿರೋಣ. ದ್ರಾವಣದಲ್ಲಿ ಉಜ್ಜಿದ ಕತ್ತಿಯನ್ನು ಅದ್ದಿ ನೋಡೋಣ. ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಹಳ್ಳದ ದಂಡೆಯ ಮರಗಳನ್ನು ಉಳಿಸೋಣ.

ತೋಟವೂ ಉಳಿಯಲಿ, ಹಳ್ಳವೂ ಉಳಿಯಲಿ.