ಗಡಿನಾಡಿನ ಸುದ್ದಿ ಗಡಿನಾಡಿನ ನುಡಿಯಲ್ಲಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಆದವಾನಿ ಸೀಮೆಗೂ ಕನ್ನಡ ವೃತ್ತಪತ್ರಿಕೆಗೂ ಇರುವ ನಂಟು ಇಂದು ನಿನ್ನೆಯದಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಮರುವರ್ಷವೇ ಅದು ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಳೆಯಿತು. ಆ ಕಾಲದಲ್ಲಿ ಆದವಾನಿ, ಆಲೂರುಗಳು ಬಳ್ಳಾರಿ ಜಿಲ್ಲೆಗೇ ಸೇರಿದ್ದವು. ಕನ್ನಡದ ಮೊದಲ ವರ್ತಮಾನಪತ್ರವು ನೆಲೆಯನ್ನರಸಿ ಬಂದದ್ದು ನಮ್ಮ ಜಿಲ್ಲೆಗೆ ಎಂಬುದನ್ನು ನಾವು ಮರೆಯಲಾಗದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚಿತವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅದರಲ್ಲಿ ಸೇರಿದವು. ಬಳ್ಳಾರಿಯು ಮೈಸೂರಿನ ಪಾಲಿಗೆ ಬಂದಿತು. ಎಲ್ಲೆಗೆರೆಯು ನೆಲವನ್ನು ಪಾಲುಮಾಡಿತೇ ಹೊರತು ಮನೆಮಾತನ್ನು ಬದಲಿಸಲಿಲ್ಲ. ಆದರೆ ಊರಿನ ಸುದ್ದಿಯು ಕನ್ನಡದಲ್ಲಿ ಹರಿಯುವ ದಾರಿಯು ಕ್ರಮೇಣ ಮುಚ್ಚುತ್ತ ಬಂದಿತು.

ತೆಲುಗು ಪತ್ರಿಕೆಗಳು ಮಾಡಿದ ಕೆಲಸವನ್ನು ನಾವು ಮನಸಾರೆ ಮೆಚ್ಚಬೇಕು. 1974ರಲ್ಲಿ ವಿಶಾಖಪಟ್ಟಣದಲ್ಲಿ ಹುಟ್ಟಿದ ‘ಈನಾಡು’ ಪತ್ರಿಕೆಯು 1989ರಿಂದ ಜಿಲ್ಲೆಗೊಂದು ಪುರವಣಿಯನ್ನು ಹೊರಡಿಸತೊಡಗಿತು. ಹಳ್ಳಿಯ ಬಾವಿ, ಶಾಲೆ, ಸಂತೆಗಳೂ ಅಚ್ಚಿಗೆ ಯೋಗ್ಯವಾದ ಸುದ್ದಿಯೆಂದು ಅದು ತೋರಿಸಿಕೊಟ್ಟಿತು. 1994ರಲ್ಲಿ ‘ಉದಯ’ ವಾಹಿನಿ ಬಂದ ಬಳಿಕ ಗಡಿಯ ಈಚಿನ ಮನೆಗಳಿಗೂ ಕನ್ನಡದ ದನಿ ಕೇಬಲ್ ತಂತಿಯ ಮೂಲಕ ಮರಳಿತು, ಸಂತೋಷದ ಸಂಗತಿಯೇ. ಆದರೆ ಆ ದನಿಯು ಹೇಳುವುದು ಬಹುಮಟ್ಟಿಗೆ ಬೆಂಗಳೂರಿನ ವಿಚಾರವನ್ನು. ಆದವಾನಿ ಮಾರುಕಟ್ಟೆಯ ಹತ್ತಿಯ ಧಾರಣೆ, ಕೌತಾಳದ ರಸ್ತೆ, ಕನ್ನಡ ಶಾಲೆಗೆ ಬಾರದ ಉಪಾಧ್ಯಾಯರ ವಿಚಾರ, ಇವು ಅಲ್ಲಿ ಕೇಳಿಬರುವುದು ಅಪರೂಪ.

ಇದರ ಫಲವೇನು? ಕನ್ನಡವು ಮನರಂಜನೆಯ ಭಾಷೆಯಾಗಿ, ವ್ಯವಹಾರವೆಲ್ಲ ಬೇರೆ ಭಾಷೆಯದಾಗುತ್ತದೆ. ತನ್ನೂರಿನ ಸಂಗತಿಯನ್ನು ತಿಳಿಸದ ಅಕ್ಷರವನ್ನು ಮಗುವೇಕೆ ಕಲಿತೀತು? ಪ್ರಾಥಮಿಕ ಶಿಕ್ಷಣಕ್ಕೆ ಮಾತೃಭಾಷೆಯ ಸೌಕರ್ಯವನ್ನು ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಶಾಲೆಯಲ್ಲಿ ಕಲಿತ ಓದಿಗೆ ಹೊರಗೆ ಉಪಯೋಗ ಕಾಣದಿದ್ದರೆ ಆ ಸೌಕರ್ಯವೂ ಬರಿದಾದೀತು.

ಸುದ್ದಿಯು ಹೊಟ್ಟೆಪಾಡಿನ ವಿಷಯವೂ ಹೌದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿರುವುದು ಹೊಸಪೇಟೆಯ ಬಳಿ. ಅದರ ಕೆಳಮಟ್ಟದ ಕಾಲುವೆಯ ನೀರನ್ನು ನಂಬಿದವರಲ್ಲಿ ನಮ್ಮ ಸೀಮೆಯ ರೈತರೂ ಇದ್ದಾರೆ. ಅಲ್ಲಿ ಕನ್ನಡದಲ್ಲಿ ಹುಟ್ಟುವ ಸುದ್ದಿಯು ಇಲ್ಲಿ ರೈತನ ಹೊಲಕ್ಕೆ ಸಂಬಂಧಿಸಿದುದು. ಎರಡು ನುಡಿಗಳನ್ನೂ ಬಲ್ಲ ಗಡಿನಾಡಿಗನಲ್ಲದೆ ಈ ಸೇತುವೆಯನ್ನು ಇನ್ನಾರು ಕಟ್ಟಬೇಕು?

ಇದು ಆಗದ ಕೆಲಸವೇನೂ ಅಲ್ಲ. ಆಂಧ್ರದ ಗಡಿಗೆ ಸಮೀಪದ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ಗ್ರಾಮಸ್ಥರು ‘ನಮ್ಮ ಧ್ವನಿ’ಯನ್ನು ಆರಂಭಿಸಿದರು. ಸಮುದಾಯ ಬಾನುಲಿಗೆ ಗ್ರಾಮ ಸಂಸ್ಥೆಗಳಿಗೆ ಆಗಿನ್ನೂ ಅನುಮತಿ ದೊರೆಯುತ್ತಿರಲಿಲ್ಲ. ಅವರು ಕೈಕಟ್ಟಿ ಕೂಡಲಿಲ್ಲ, ಟಿ.ವಿ. ಕೇಬಲ್ ತಂತಿಯಲ್ಲೇ ತಮ್ಮ ಧ್ವನಿಯನ್ನು ಮನೆಮನೆಗೆ ಕಳಿಸಿದರು. ಸ್ವಸಹಾಯ ಸಂಘದ ಮಹಿಳೆಯರು ಅದರಲ್ಲಿ ಮುಂದಾದರು. 2006ರಲ್ಲಿ ಕೇಂದ್ರ ಸರ್ಕಾರವು ಲಾಭದಾಸೆಯಿಲ್ಲದ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲನ್ನು ತೆರೆಯಿತು.

ಆದುದರಿಂದ ನಮ್ಮ ಅರಿಕೆ ಇಷ್ಟೇ. ಸ್ಥಳೀಯ ಕೇಬಲ್ ವಾಹಿನಿಗಳವರನ್ನು ಕಂಡು ದಿನಕ್ಕೆ ಹತ್ತು ನಿಮಿಷಗಳ ಕನ್ನಡ ವಾರ್ತೆಯನ್ನು ಕೇಳೋಣ. ಆಲೂರು, ಕೋಸಿಗಿ, ಮಂತ್ರಾಲಯಗಳಲ್ಲಿ ಸುದ್ದಿ ಬರೆಯಬಲ್ಲ ಒಬ್ಬೊಬ್ಬ ತರುಣತರುಣಿಯರನ್ನು ಸಿದ್ಧಗೊಳಿಸೋಣ. ಬಳ್ಳಾರಿ, ರಾಯಚೂರುಗಳ ಕನ್ನಡ ಪತ್ರಿಕೆಗಳಿಗೆ ವಾರಕ್ಕೊಮ್ಮೆಯಾದರೂ ಇಲ್ಲಿನ ವರದಿ ತಲಪಲಿ. ಇದು ತೆಲುಗಿನ ಮೇಲಣ ಪೈಪೋಟಿಯಲ್ಲ; ನೆರೆಯವರಿಂದ ಕಲಿತ ಪಾಠವನ್ನು ನಮ್ಮ ನುಡಿಯಲ್ಲಿ ನಡೆಸುವ ಯತ್ನ. ಮುಂದಿನ ವಾರ್ಷಿಕೋತ್ಸವದ ವರದಿಯನ್ನು ಆ ಹತ್ತು ನಿಮಿಷಗಳ ವಾರ್ತೆಯಲ್ಲಿ ನಾವೆಲ್ಲ ಕೇಳುವಂತಾಗಲಿ.